ರನ್‌ವೇ ಪಕ್ಕ ಒಂದು ಕಪ್ಪು ಹಲಗೆ ಬೇಕು: ವಿಮಾನಯಾನ ಮಹಾನಿರ್ದೇಶಕರಿಗೆ ಬಹಿರಂಗ ಪತ್ರ

ಮಹಾನಿರ್ದೇಶಕರಿಗೆ,
ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನವದೆಹಲಿ
ಹಾಗೂ ನಮ್ಮ ರಾಜ್ಯದ ಹಾರಾಟ ತರಬೇತಿ ಶಾಲೆಗಳ ಮುಖ್ಯಸ್ಥರಿಗೆ

ಮಾನ್ಯರೇ,

ನಾನು ಹಾರಾಟ ಕಲಿತ ನಿಲ್ದಾಣದ ಬೇಲಿಗೆ ಹೊಂದಿಕೊಂಡು ಒಬ್ಬ ರೈತರ ಹೊಲವಿತ್ತು. ರನ್‌ವೇ ಮುಗಿದು, ಬೇಲಿ ದಾಟಿದರೆ ಜೋಳದ ಹೊಲ, ಅದರ ಬದುವಿನಲ್ಲಿ ಒಂದು ಹಳೆಯ ಹುಣಸೆ ಮರ. ಊರಿನ ಹೆಸರು ಬೇಡ, ಶಾಲೆಯ ಹೆಸರೂ ಬೇಡ. ದಖ್ಖನ್ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,000 ಅಡಿ ಎತ್ತರದ ಊರು ಅಂದರೆ ಸಾಕು. ಒಂದು ದಿನ ಆ ರೈತರು ಬೇಲಿಯ ಆಚೆಯಿಂದ ನನ್ನನ್ನು ಕರೆದು ಕೇಳಿದರು: "ಸರ್ರ, ಮುಂಜಾನಿ ನಿಮ್ಮ ಇಮಾನ ನನ್ನ ಹುಣಸಿಗಿಡದ ಮ್ಯಾಲ ಭಾಳ ಎತ್ತರ ಹೊಕ್ಕಾವ. ಮಧ್ಯಾಹ್ನ ಅದಾ ಇಮಾನ ಗಿಡದ ತುದಿಗೆ ತಾಗೂ ಹಂಗ ಹೊಕ್ಕಾವ. ಬಿಸಲಿಗೆ ಅವಕ್ಕೂ ದಣಿವು ಆಗತೈತೇನ್ರಿ?"

ಆಗ ನನಗೆ 21 ವರ್ಷ. ಏನೋ ಒಂದು ಉತ್ತರ ಕೊಟ್ಟು ಬಂದೆ. ಅವರು ಕೇಳಿದ್ದು ಎಷ್ಟು ಸರಿಯಾದ ಪ್ರಶ್ನೆ ಎಂದು ನನಗೆ ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು.

ಮೇ ತಿಂಗಳ ಒಂದು ಮಧ್ಯಾಹ್ನ, ಎರಡೂವರೆ ಗಂಟೆ. ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನ. ಎಡ ಸೀಟಿನಲ್ಲಿ ನಾನು, ಬಲಕ್ಕೆ ಬೋಧಕರು, ಹಿಂದಿನ ಸೀಟಿನಲ್ಲಿ ನೋಡಿ ಕಲಿಯಲು ಬಂದ ನನ್ನ ಸಹಪಾಠಿ. ಟ್ಯಾಂಕುಗಳೆರಡೂ ತುಂಬಿದ್ದವು, ಯಾಕೆಂದರೆ ಬೆಳಿಗ್ಗೆಯೇ ತುಂಬಿಸಿಡುವುದು ಅಲ್ಲಿನ ರೂಢಿ. 40 ಡಿಗ್ರಿ ಬಿಸಿಲು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಬುಟ್ಟಿ ಜೋತು ಬಿದ್ದಿತ್ತು. ಆಗಾಗ ನಮ್ಮ ಬೆನ್ನ ಹಿಂದಿನಿಂದ ಒಂದಿಷ್ಟು ಗಾಳಿ ಬೀಸಿ ಬುಟ್ಟಿ ಅಲುಗುತ್ತಿತ್ತು. ರನ್‌ವೇಯ ಇನ್ನೊಂದು ತುದಿಗೆ ಹೋಗಿ ಎದುರುಗಾಳಿಗೆ ನಿಲ್ಲಬಹುದಿತ್ತು, ಆದರೆ ಅಷ್ಟು ದೂರ ನೆಲದ ಮೇಲೇ ಓಡಿಸಿಕೊಂಡು ಹೋದರೆ ಎಂಜಿನ್ ಬಿಸಿಯಾಗುತ್ತದೆ, ಹೊತ್ತೂ ಹೋಗುತ್ತದೆ. ಮಿಕ್ಸ್‌ಚರ್ ಪೂರ್ತಿ ರಿಚ್, ಅಂದರೆ ಗಾಳಿಗೆ ಬೆರೆಯುವ ಇಂಧನ ಪೂರ್ತಿ, ಥ್ರಾಟಲ್ ಪೂರ್ತಿ ಮುಂದಕ್ಕೆ, ಬ್ರೇಕ್ ಬಿಟ್ಟೆ.

ವಿಮಾನ ಓಡಿತು, ಓಡುತ್ತಲೇ ಇತ್ತು. ವೇಗದ ಮುಳ್ಳು ಎಂದಿನಂತೆ 55 ನಾಟ್‌ಗೆ ಬಂದಾಗ ಮೂಗು ಎತ್ತಿದೆ. ಚಕ್ರಗಳು ನೆಲ ಬಿಟ್ಟವು. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ವಿಮಾನ ಹತ್ತಿಪ್ಪತ್ತು ಅಡಿಯ ಮೇಲೆ ಏರದೆ, ನೆಲಕ್ಕೆ ಅಂಟಿಕೊಂಡಂತೆ ತೇಲುತ್ತ ಹೋಯಿತು. ರನ್‌ವೇ ಮುಗಿಯಿತು, ಬೇಲಿ ಬಂತು. ಹುಣಸೆ ಮರ ಗಾಜಿನಲ್ಲಿ ದೊಡ್ಡದಾಗುತ್ತ ಬಂತು. ನಾನು ಮಾಡಿದ್ದು ಯಾವ ಹೆದರಿದ ವಿದ್ಯಾರ್ಥಿಯಾದರೂ ಮಾಡುವುದನ್ನೇ: ಕಂಟ್ರೋಲನ್ನು ಎದೆಗೆ ಎಳೆದುಕೊಂಡೆ. ಸ್ಟಾಲ್ ಎಚ್ಚರಿಕೆಯ ಪೀಪಿ, ಅಂದರೆ ರೆಕ್ಕೆ ಇನ್ನು ಭಾರ ಎತ್ತಲಾರದು ಎಂದು ಹೇಳುವ ಪೀಪಿ, ಕೂಗತೊಡಗಿತು. ಬೋಧಕರು "ಬಿಡು!" ಎಂದು ಕೂಗಿ ನನ್ನ ಕೈಮೇಲೆಯೇ ಹಿಡಿದು ಮೂಗನ್ನು ಕೆಳಗೆ ಮಾಡಿದರು, ಮರದ ಕಡೆಗೇ. ಎರಡು ಸೆಕೆಂಡು ವೇಗ ಕೂಡಿಸಿಕೊಂಡು, ಸ್ವಲ್ಪವೇ ಬಲಕ್ಕೆ ವಾಲಿಸಿ, ಮರದ ಪಕ್ಕದಿಂದ ದಾಟಿಸಿದರು. ಹುಣಸೆಯ ಎಲೆಗಳು ಬಿಡಿಬಿಡಿಯಾಗಿ ಕಂಡವು. ಅಷ್ಟು ಸಣ್ಣ ಎಲೆ ವಿಮಾನದಿಂದ ಬಿಡಿಬಿಡಿಯಾಗಿ ಕಾಣಬಾರದು.

ಇಳಿದ ಮೇಲೆ ಎಂಜಿನಿಯರ್ ಅಣ್ಣ ಎಂಜಿನ್ ನೋಡಿದರು. ದೋಷ ಏನೂ ಇರಲಿಲ್ಲ. ಲಾಗ್‌ಬುಕ್ಕಿನಲ್ಲಿ 0.9 ಗಂಟೆ ಬರೆದಾಯಿತು. ಅದರ ಪಕ್ಕದ ಷರಾ ಕಾಲಂ ಖಾಲಿ. ನಾನು ಈ ಪತ್ರ ಬರೆಯುತ್ತಿರುವುದು ಆ ಖಾಲಿ ಕಾಲಮಿನ ಕಾರಣಕ್ಕೆ.

ಆ ರಾತ್ರಿ ಹಾಸ್ಟೆಲಿನಲ್ಲಿ ವಿಮಾನದ ಕೈಪಿಡಿ ತೆರೆದು, ಮಧ್ಯಾಹ್ನ ಮಾಡಬೇಕಾಗಿದ್ದ ಲೆಕ್ಕ ಮಾಡಿದೆ. 180 ಅಶ್ವಶಕ್ತಿಯ 172ಎಸ್, ಪೂರ್ತಿ ತೂಕ ಅಂದರೆ 2,550 ಪೌಂಡ್. ಸಮುದ್ರಮಟ್ಟದಲ್ಲಿ 20 ಡಿಗ್ರಿಯಲ್ಲಿ ನಿಂತಲ್ಲಿಂದ ಹೊರಟು 50 ಅಡಿ ಎತ್ತರದ ಅಡೆತಡೆ ದಾಟಲು 1,690 ಅಡಿ ಸಾಕು. 2,000 ಅಡಿ ಎತ್ತರದಲ್ಲಿ 40 ಡಿಗ್ರಿಗೆ ಅದೇ ಕೆಲಸಕ್ಕೆ 2,355 ಅಡಿ. ಬೆನ್ನ ಹಿಂದಿನ ಗಾಳಿಗೆ ಪ್ರತಿ 2 ನಾಟ್‌ಗೆ ಶೇಕಡಾ 10 ಕೂಡಿಸಬೇಕು ಎಂದು ಪಟ್ಟಿಯ ಮೇಲೆಯೇ ಬರೆದಿದೆ. ಬೀಸಿದ ಗಾಳಿ 4 ನಾಟ್ ಇತ್ತೆಂದು ಹಿಡಿದರೂ 2,800 ಅಡಿ ದಾಟಿತು. ನಮ್ಮ ರನ್‌ವೇ 3,000 ಅಡಿ. ಇನ್ನು ಆ ಪಟ್ಟಿಯ ಅಂಕಿಗಳು ಸುಸ್ಥಿತಿಯ ಎಂಜಿನ್, ಒಣಗಿದ ಸಮತಟ್ಟು ರನ್‌ವೇ, ನುರಿತ ಪೈಲಟ್, ಸಣ್ಣ ರನ್‌ವೇಯಿಂದ ಹೊರಡುವ ಶಾರ್ಟ್ ಫೀಲ್ಡ್ ವಿಧಾನ, ಇಷ್ಟೂ ಇದ್ದಾಗಿನವು. ನಮ್ಮದು ಸಾವಿರಾರು ಗಂಟೆ ಓಡಿದ ಎಂಜಿನ್, ಕಲಿಯುವ ಕೈ. ಪಟ್ಟಿ ಇದ್ದದ್ದು ಸೀಟಿನ ಹಿಂದಿನ ಜೇಬಿನಲ್ಲೇ. ನಮ್ಮ ಮೂವರಲ್ಲಿ ಯಾರೂ ತೆಗೆದು ನೋಡಿರಲಿಲ್ಲ.

ಮಾನ್ಯರೇ, ಇದು ನಿಮಗೆ ಗೊತ್ತಿರುವ ವಿಷಯ. ಆದರೆ ಈ ಪತ್ರವನ್ನು ಹೊಲ ಅಡವಿಟ್ಟು ಮಕ್ಕಳನ್ನು ಪೈಲಟ್ ಮಾಡಲು ಕಳಿಸಿರುವ ಅಪ್ಪ ಅಮ್ಮಂದಿರೂ ಓದಲಿ ಎಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅವರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಿಮಾನದ ರೆಕ್ಕೆ, ಪ್ರೊಪೆಲರ್, ಎಂಜಿನ್ ಮೂರೂ ಬದುಕುವುದು ಗಾಳಿಯ ತೂಕದ ಮೇಲೆ. ಪಾಠಪುಸ್ತಕದ ಪ್ರಮಾಣಿತ ದಿನ ಅಂದರೆ ಸಮುದ್ರಮಟ್ಟ, 15 ಡಿಗ್ರಿ, 1013.25 ಹೆಕ್ಟೋಪ್ಯಾಸ್ಕಲ್ ಒತ್ತಡ. ಅಂಥ ದಿನ ಒಂದು ಘನ ಮೀಟರ್ ಗಾಳಿ 1.225 ಕಿಲೋ ತೂಗುತ್ತದೆ. ಬೆಂಗಳೂರಿನ ಎತ್ತರ ಸುಮಾರು 3,000 ಅಡಿ. ಅಲ್ಲಿ 35 ಡಿಗ್ರಿಯ ಮಧ್ಯಾಹ್ನ ಅದೇ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.03 ಕಿಲೋ. ಸುಮಾರು 200 ಗ್ರಾಂ ಕಾಣೆಯಾಗಿದೆ. ಎತ್ತರ ಒಂದಿಷ್ಟು ಕಿತ್ತುಕೊಂಡಿತು, ಬಿಸಿಲು ಇನ್ನೊಂದಿಷ್ಟು ಕಿತ್ತುಕೊಂಡಿತು. ಇಷ್ಟು ತೆಳುವಾದ ಗಾಳಿ ಪ್ರಮಾಣಿತ ದಿನದಲ್ಲಿ ಯಾವ ಎತ್ತರದಲ್ಲಿ ಸಿಗುತ್ತದೋ ಅದನ್ನೇ ನಾವು ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನುತ್ತೇವೆ. ಸಾಂದ್ರತೆಯ ಎತ್ತರ ಅನ್ನಬಹುದು. ನನ್ನ ವಿದ್ಯಾರ್ಥಿಗಳಿಗೆ ನಾನು "ವಿಮಾನಕ್ಕೆ ಅನ್ನಿಸುವ ಎತ್ತರ" ಅನ್ನುತ್ತೇನೆ. ನೆಲ ಎಲ್ಲಿದೆ ಎಂಬುದನ್ನು ರೆಕ್ಕೆ ಕೇಳುವುದಿಲ್ಲ, ಗಾಳಿ ಎಷ್ಟಿದೆ ಎಂದಷ್ಟೇ ಕೇಳುತ್ತದೆ.

ಲೆಕ್ಕ ಹತ್ತನೇ ತರಗತಿಯ ಹುಡುಗರೂ ಮಾಡಬಹುದಾದದ್ದು. ಪ್ರಮಾಣಿತ ತಾಪಮಾನ ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. 3,000 ಅಡಿಯಲ್ಲಿ ಇರಬೇಕಾದದ್ದು 9 ಡಿಗ್ರಿ. ಅದಕ್ಕಿಂತ ಎಷ್ಟು ಡಿಗ್ರಿ ಹೆಚ್ಚಿದೆಯೋ ಪ್ರತಿ ಡಿಗ್ರಿಗೆ ಸುಮಾರು 120 ಅಡಿ ಕೂಡಿಸಿ. 37 ಡಿಗ್ರಿ ಇದ್ದರೆ 28 ಹೆಚ್ಚು, 28ಕ್ಕೆ 3,360 ಅಡಿ. ಕೂಡಿಸಿದರೆ 6,360. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,330 ಅಡಿ. ಏಪ್ರಿಲ್‌ನ ಅಂಥ ಮಧ್ಯಾಹ್ನ ಬೆಂಗಳೂರಿನ ಜಕ್ಕೂರು ನಿಲ್ದಾಣದಲ್ಲಿ ಟೇಕಾಫ್‌ಗೆ ನಿಂತ ಪುಟ್ಟ ವಿಮಾನ, ತನ್ನ ಪಾಲಿಗೆ, ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನಿಂತಿರುತ್ತದೆ. 37 ಡಿಗ್ರಿ ಬೆಂಗಳೂರಿಗೆ ಅಪರೂಪದ್ದೂ ಅಲ್ಲ; 2016ರ ಏಪ್ರಿಲ್‌ನಲ್ಲಿ ಊರು 39.2 ಡಿಗ್ರಿ ಕಂಡಿದೆ.

ಇದರಲ್ಲಿ ಮೂರು ಪೆಟ್ಟು ಒಟ್ಟಿಗೆ ಬೀಳುತ್ತವೆ. ಎಂಜಿನ್ ಉಸಿರಾಡುವ ಗಾಳಿಯೇ ತೆಳುವಾದ್ದರಿಂದ, ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಇಲ್ಲದ 180 ಅಶ್ವಶಕ್ತಿಯ ಎಂಜಿನ್ ಆ ಮಧ್ಯಾಹ್ನ 150 ಅಶ್ವಶಕ್ತಿಯನ್ನೂ ಮುಟ್ಟುವುದಿಲ್ಲ. ಪ್ರೊಪೆಲರ್‌ಗೆ ಹಿಡಿದು ಹಿಂದಕ್ಕೆ ತಳ್ಳಲು ಸಿಗುವ ಗಾಳಿ ಕಡಿಮೆ. ರೆಕ್ಕೆಗೆ ಅದೇ ಭಾರ ಎತ್ತಲು ಹೆಚ್ಚು ವೇಗ ಬೇಕು. ಈ ಕೊನೆಯದೇ ವಿದ್ಯಾರ್ಥಿಗಳನ್ನು ಏಮಾರಿಸುವುದು. ಗಡಿಯಾರದಂಥ ವೇಗಮಾಪಕದಲ್ಲಿ ಮುಳ್ಳು ಅದೇ 55ರಲ್ಲಿ ಇರುತ್ತದೆ, ಆದರೆ ಚಕ್ರದ ಕೆಳಗೆ ನೆಲ ಓಡುವ ವೇಗ 60. ಕಾಣಿಸುವ ಅಂಕಿ ಬದಲಾಗಿಲ್ಲ, ಬೇಕಾಗುವ ರನ್‌ವೇ ಮಾತ್ರ ಬದಲಾಗಿದೆ. ಮಳೆಗಾಲಕ್ಕೆ ಮುಂಚಿನ ಸೆಕೆಯಲ್ಲಿ ಗಾಳಿಯಲ್ಲಿ ನೀರಾವಿಯೂ ತುಂಬಿರುತ್ತದೆ. ನೀರಾವಿ ಒಣ ಗಾಳಿಗಿಂತ ಹಗುರ. ಆ ನಷ್ಟ ಕೈಪಿಡಿಯ ಪಟ್ಟಿಯಲ್ಲಿ ಸೇರಿರುವುದೇ ಇಲ್ಲ.

ನೆಲ ಬಿಟ್ಟ ಮೇಲಿನ ಕಥೆ ಇನ್ನೂ ಕಷ್ಟದ್ದು. ಮೇಲೇರಲು ಬೇಕಾಗುವುದು ಮಿಕ್ಕ ಶಕ್ತಿ: ಮಟ್ಟಸವಾಗಿ ಹಾರಲು ಖರ್ಚಾಗಿ ಎಂಜಿನ್ನಿನಲ್ಲಿ ಉಳಿದದ್ದೆಷ್ಟೋ ಅಷ್ಟು. ಎಂಜಿನ್ ಐದನೇ ಒಂದು ಭಾಗ ಸೊರಗಿದರೆ ಈ ಉಳಿಕೆ ಅದಕ್ಕಿಂತ ಹೆಚ್ಚು ಪಾಲು ಕರಗುತ್ತದೆ. ಸಂಬಳ ಕಡಿತವಾದಾಗ ಮನೆ ಬಾಡಿಗೆ ಇಳಿಯುವುದಿಲ್ಲ, ಉಳಿತಾಯವೇ ಹೋಗುತ್ತದಲ್ಲ, ಹಾಗೆ. ಸಮುದ್ರಮಟ್ಟದ ಪ್ರಮಾಣಿತ ದಿನದಲ್ಲಿ ನಿಮಿಷಕ್ಕೆ 730 ಅಡಿ ಏರುವ 172ಎಸ್, ಬೆಂಗಳೂರಿನ ಬಿಸಿ ಮಧ್ಯಾಹ್ನ 550ರ ಆಸುಪಾಸಿಗೆ ಬರುತ್ತದೆ. ಅದೇ ಹೊತ್ತಿಗೆ ನೆಲದ ಮೇಲಿನ ವೇಗ ಹೆಚ್ಚಾಗಿರುವುದರಿಂದ ಮುಂದಿನ ಮರ ಬೇಗ ಹತ್ತಿರ ಬರುತ್ತದೆ. ಎರಡನ್ನೂ ಕೂಡಿಸಿ ನೋಡಿ: ಮೊದಲು ಪ್ರತಿ 100 ಅಡಿ ಮುಂದಕ್ಕೆ ಸುಮಾರು 10 ಅಡಿ ಏರುತ್ತಿದ್ದ ವಿಮಾನ ಈಗ 7 ಅಡಿಯಷ್ಟೂ ಏರುವುದಿಲ್ಲ. ರೈತರು ಹುಣಸೆ ಮರದ ಮೇಲೆ ಕಂಡದ್ದು ಇದನ್ನೇ. ಯಾವ ಕೈಪಿಡಿಯೂ ಇಲ್ಲದೆ, ಬರಿಗಣ್ಣಿನಲ್ಲಿ.

ಇನ್ನು ನನ್ನ ವಿಮಾನ ಇಪ್ಪತ್ತು ಅಡಿಯಲ್ಲಿ ತೇಲಿದ್ದೇಕೆ? ನೆಲಕ್ಕೆ ತೀರ ಹತ್ತಿರ ಇರುವಾಗ ರೆಕ್ಕೆಯ ತುದಿಯ ಸುಳಿಗಳು ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ಎಳೆತ ಕಡಿಮೆಯಾಗುತ್ತದೆ. ಗ್ರೌಂಡ್ ಎಫೆಕ್ಟ್ ಅನ್ನುವುದು ಇದಕ್ಕೇ. ಹಾರಲು ಇನ್ನೂ ಯೋಗ್ಯವಾಗದ ವೇಗದಲ್ಲೂ ವಿಮಾನ ನೆಲ ಬಿಡುತ್ತದೆ. ರೆಕ್ಕೆಯ ಉದ್ದದಷ್ಟು ಎತ್ತರ ದಾಟುತ್ತಿದ್ದಂತೆ ಆ ಆಸರೆ ಹೋಗುತ್ತದೆ. ಏರುತ್ತಿಲ್ಲವೆಂದು ಮೂಗು ಎತ್ತಿದರೆ ಎಳೆತ ಹೆಚ್ಚುತ್ತದೆ, ವೇಗ ಇಳಿಯುತ್ತದೆ, ಇನ್ನಷ್ಟು ಏರದಾಗುತ್ತದೆ. ಪ್ರಾಣಭಯದಲ್ಲಿ ಕೈ ತಾನಾಗಿ ಮಾಡುವ ಕೆಲಸವೇ ಪ್ರಾಣ ತೆಗೆಯುವ ಕೆಲಸ. ನನ್ನ ಬೋಧಕರು ಮರದ ಕಡೆಗೆ ಮೂಗು ಇಳಿಸಿದರಲ್ಲ, ಅದನ್ನು ಮಾಡಲು ಎಷ್ಟು ಗಟ್ಟಿ ಮನಸ್ಸು ಬೇಕು ಎಂದು ನಾನು ಬೋಧಕನ ಸೀಟಿಗೆ ಬಂದ ಮೇಲೆ ತಿಳಿಯಿತು. ಲೆಕ್ಕ ಹಾಕದ ತಪ್ಪು ಅವರದೂ ಹೌದು. ಆದರೂ ನನ್ನನ್ನು ಬದುಕಿಸಿದವರು ಅವರೇ.

ಮಿಕ್ಸ್‌ಚರ್ ವಿಷಯವನ್ನು ಶಾಲೆಗಳ ಮುಖ್ಯಸ್ಥರಿಗೇ ಹೇಳಬೇಕು. ಟೇಕಾಫ್‌ಗೆ ಮಿಕ್ಸ್‌ಚರ್ ಪೂರ್ತಿ ರಿಚ್ ಎಂದು ಮಕ್ಕಳು ಮಗ್ಗಿಯಂತೆ ಬಾಯಿಪಾಠ ಮಾಡಿರುತ್ತಾರೆ. ಗಾಳಿ ತೆಳುವಾಗಿ ಇಂಧನ ಅಷ್ಟೇ ಹೋದರೆ ಎಂಜಿನ್‌ಗೆ ಉಸಿರುಕಟ್ಟುತ್ತದೆ, ಇರುವ ಶಕ್ತಿಯೂ ಸಿಗುವುದಿಲ್ಲ. 3,000 ಅಡಿಗಿಂತ ಎತ್ತರದ ನಿಲ್ದಾಣಗಳಲ್ಲಿ, ನಿಂತಲ್ಲೇ ಪೂರ್ತಿ ಥ್ರಾಟಲ್ ಕೊಟ್ಟು ಆರ್‌ಪಿಎಂ ಅತಿ ಹೆಚ್ಚಾಗುವವರೆಗೆ ಮಿಕ್ಸ್‌ಚರನ್ನು ಲೀನ್ ಮಾಡಿ, ಅಂದರೆ ಇಂಧನ ಕಡಿಮೆ ಮಾಡಿ, ಹೊರಡಿ ಎಂದು 172ಎಸ್ ಕೈಪಿಡಿ ಹೇಳುತ್ತದೆ. ನಮ್ಮ ಪ್ರಸ್ಥಭೂಮಿಯ ಬೇಸಿಗೆಯಲ್ಲಿ ವಿಮಾನಕ್ಕೆ ಅನ್ನಿಸುವ ಎತ್ತರ ಸಲೀಸಾಗಿ 5,000 ದಾಟುತ್ತದೆ. ಹಾಗಿದ್ದೂ ಬೇರೆ ಕಡೆಗಳಿಂದ ನನ್ನ ಬಳಿ ಬರುವ ವಿದ್ಯಾರ್ಥಿಗಳಲ್ಲಿ ಮಿಕ್ಸ್‌ಚರಿನ ಕೆಂಪು ಗುಂಡಿಯನ್ನು ಟೇಕಾಫ್‌ಗೆ ಮುಂಚೆ ಮುಟ್ಟಿದವರು ವಿರಳ. ನಿಮ್ಮ ವಿಮಾನದ ಕೈಪಿಡಿ ಏನು ಹೇಳುತ್ತದೋ ಅದನ್ನು ನೋಡಿ, ನಿಮ್ಮ ಊರಿಗೆ ತಕ್ಕ ಕ್ರಮವನ್ನು ಬರೆದು ಚೆಕ್‌ಲಿಸ್ಟಿನಲ್ಲಿ ಸೇರಿಸಿ. ಒಂದು ಸಾಲಿನ ಕೆಲಸ.

ಇದು ಬೆಂಗಳೂರಿಗೆ ಮಾತ್ರ ಸಂಬಂಧಿಸಿದ್ದೆಂದು ಯಾರೂ ತಿಳಿಯಬಾರದು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ತರಬೇತಿ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿದಾಗ ಅವುಗಳಲ್ಲಿ ಎರಡು ನಮ್ಮವು, ಬೆಳಗಾವಿ ಮತ್ತು ಕಲಬುರಗಿ. ನಮ್ಮ ಹಳ್ಳಿಯ ಮಕ್ಕಳು ಮನೆಯ ಹತ್ತಿರವೇ ಹಾರಾಟ ಕಲಿಯುವಂತಾದದ್ದು ನನಗೆ ನಿಜಕ್ಕೂ ಹೆಮ್ಮೆ. ಬೆಳಗಾವಿ ಸುಮಾರು 2,500 ಅಡಿ. ಕಲಬುರಗಿ 1,500 ಅಡಿಯ ಆಸುಪಾಸು, ತಗ್ಗಿನ ಊರೇ. ಆದರೆ ಮೇ ತಿಂಗಳ ಮಧ್ಯಾಹ್ನ ಅಲ್ಲಿ 42 ಡಿಗ್ರಿ. ಬೇಸಿಗೆಯಲ್ಲಿ ಒತ್ತಡವೂ ಕುಸಿದಿರುತ್ತದೆ. ಕ್ಯೂಎನ್‌ಎಚ್, ಅಂದರೆ ಸಮುದ್ರಮಟ್ಟಕ್ಕೆ ಇಳಿಸಿ ಹೇಳುವ ಗಾಳಿಯ ಒತ್ತಡ, 1003 ಇದ್ದರೆ ಅದಕ್ಕೇ ಸುಮಾರು 300 ಅಡಿ ಕೂಡಿಸಬೇಕು. ಎಲ್ಲ ಸೇರಿ ವಿಮಾನಕ್ಕೆ ಅನ್ನಿಸುವ ಎತ್ತರ 5,500 ಅಡಿಗೆ ಹತ್ತಿರ. ಸುತ್ತ ಒಂದು ಗುಡ್ಡವೂ ಕಾಣದ ತೊಗರಿ ಹೊಲಗಳ ನಡುವೆ ನಿಂತು, ನೀನೀಗ ಮಡಿಕೇರಿಗಿಂತ ಎತ್ತರದಲ್ಲಿದ್ದೀ ಎಂದರೆ ಯಾವ ವಿದ್ಯಾರ್ಥಿ ನಂಬುತ್ತಾನೆ? ಬೆಟ್ಟದಲ್ಲಿ ಹಾರುವವನಿಗೆ ಬೆಟ್ಟವೇ ನೆನಪಿಸುತ್ತದೆ. ಬಯಲಿನಲ್ಲಿ ಹಾರುವವನಿಗೆ ನೆನಪಿಸುವವರು ಯಾರೂ ಇಲ್ಲ.

ಬೇರೆಯವರು ಈ ಪಾಠಕ್ಕೆ ತೆತ್ತ ಬೆಲೆ ದಾಖಲೆಯಲ್ಲಿದೆ. 1996ರ ಏಪ್ರಿಲ್ 11ರಂದು ಅಮೆರಿಕದ ವಯೋಮಿಂಗ್ ರಾಜ್ಯದ ಶಯೆನ್ ನಿಲ್ದಾಣದಿಂದ ಒಂದು ಸೆಸ್ನಾ 177 ಹೊರಟಿತು. ಏಳು ವರ್ಷದ ಜೆಸ್ಸಿಕಾ ಡುಬ್ರೋಫ್, ಅವಳ ತಂದೆ, ಬೋಧಕ, ಮೂವರು. ದೇಶದ ಆಚೆ ತುದಿಯವರೆಗೆ ಹಾರಿ ದಾಖಲೆ ಮಾಡುವ ಅವಸರ. ಮಳೆ, ಬಿರುಗಾಳಿ ಹತ್ತಿರದಲ್ಲಿತ್ತು. ನಿಲ್ದಾಣದ ಎತ್ತರ 6,000 ಅಡಿಗೂ ಮೇಲೆ, ವಿಮಾನದ ತೂಕ ಮಿತಿಗಿಂತ 96 ಪೌಂಡ್ ಹೆಚ್ಚು. ಹೊರಟ ಕೆಲವೇ ಕ್ಷಣಗಳಲ್ಲಿ ಸ್ಟಾಲ್ ಆಗಿ ಬಿದ್ದು ಮೂವರೂ ತೀರಿಕೊಂಡರು. ಅಂದು ಬಿಸಿಲೂ ಇರಲಿಲ್ಲ, ಚಳಿಯೇ ಇತ್ತು. ಎತ್ತರ, ತೂಕ, ಹವೆ, ಅವಸರ ಒಂದರ ಮೇಲೊಂದು ಕೂಡಿಕೊಂಡವು. 2012ರ ಜೂನ್ 30ರಂದು ಐಡಹೊ ರಾಜ್ಯದ ಬ್ರೂಸ್ ಮೆಡೋಸ್ ಎಂಬ ಬೆಟ್ಟದ ಹುಲ್ಲುಗಾವಲಿನಿಂದ ನಾಲ್ವರನ್ನು ಹೊತ್ತು ಏಳಲು ಹೋದ ಹಳೆಯ ಸ್ಟಿನ್ಸನ್ ವಿಮಾನ ಮರಗಳಿಗೆ ಬಡಿಯಿತು. ಒಳಗಿದ್ದ ಕ್ಯಾಮೆರಾ ಅದನ್ನೆಲ್ಲ ಹಿಡಿದಿದೆ, ನಾಲ್ವರೂ ಬದುಕಿದರು. ಆ ವಿಡಿಯೋವನ್ನು ನಾನು ಪ್ರತಿ ಹೊಸ ತಂಡಕ್ಕೂ ತೋರಿಸುತ್ತೇನೆ. ನೋಡುವವರಿಗೆ ಏನೋ ಕೆಟ್ಟುಹೋಗಿದೆ ಅನ್ನಿಸುವುದೇ ಇಲ್ಲ. ಎಂಜಿನ್ ಸದ್ದು ಒಂದೇ ಸಮ, ಮರಗಳು ಮೆಲ್ಲಗೆ ಹತ್ತಿರ ಬರುತ್ತವೆ. ನನ್ನ ಮಧ್ಯಾಹ್ನವೂ ಹಾಗೇ ಇತ್ತು.

ಅದೇ ದೇಶದಲ್ಲಿ ಒಂದು ಒಳ್ಳೆಯ ರೂಢಿಯೂ ಇದೆ, ನಾನು ನಿಮ್ಮನ್ನು ಕೇಳಿಕೊಳ್ಳುವುದೂ ಅದನ್ನೇ. ಅಲ್ಲಿನ ಸ್ವಯಂಚಾಲಿತ ಹವಾ ಕೇಂದ್ರಗಳು, ಡೆನ್ಸಿಟಿ ಆಲ್ಟಿಟ್ಯೂಡ್ ನಿಲ್ದಾಣದ ಎತ್ತರಕ್ಕಿಂತ 1,000 ಅಡಿ ಮೀರಿದರೆ ಆ ಅಂಕಿಯನ್ನು ರೇಡಿಯೋದಲ್ಲಿ ತಾವಾಗಿ ಹೇಳುತ್ತವೆ. ಎತ್ತರದ ಎಷ್ಟೋ ನಿಲ್ದಾಣಗಳಲ್ಲಿ ಟ್ಯಾಕ್ಸಿವೇ ಪಕ್ಕದಲ್ಲಿ, ಹೊರಡುವ ಪೈಲಟ್ ಕಣ್ಣಿಗೆ ಬೀಳುವಂತೆ, ಡೆನ್ಸಿಟಿ ಆಲ್ಟಿಟ್ಯೂಡ್ ನೋಡಿಕೊಂಡೆಯಾ ಎಂದು ನೆನಪಿಸುವ ಫಲಕ ನಿಲ್ಲಿಸಿದ್ದಾರೆ. ನಮ್ಮಲ್ಲಿ ಮೆಟಾರ್ ಎಂಬ ನಿಲ್ದಾಣದ ಹವಾ ವರದಿಯಲ್ಲಿ ತಾಪಮಾನ ಬರುತ್ತದೆ, ಕ್ಯೂಎನ್‌ಎಚ್ ಬರುತ್ತದೆ. ಲೆಕ್ಕಕ್ಕೆ ಬೇಕಾದದ್ದೆಲ್ಲ ಇದೆ, ಉತ್ತರವನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ.

ಆದ್ದರಿಂದ ಪ್ರತಿ ತರಬೇತಿ ನಿಲ್ದಾಣದಲ್ಲಿ, ವಿಮಾನಗಳು ನಿಲ್ಲುವ ಏಪ್ರನ್‌ಗೆ ಹೋಗುವ ದಾರಿಯಲ್ಲಿ, ಒಂದು ಕಪ್ಪು ಹಲಗೆ ಇರಲಿ. ಡಿಜಿಟಲ್ ಪರದೆ, ಟೆಂಡರು, ಸಮಿತಿ ಯಾವುದೂ ಬೇಡ. ಹಲಗೆ ಮತ್ತು ಸೀಮೆಸುಣ್ಣ. ಮಾರ್ಚಿಯಿಂದ ಜೂನ್‌ವರೆಗೆ ಗಂಟೆಗೊಮ್ಮೆ ಒಬ್ಬ ವಿದ್ಯಾರ್ಥಿ ಬಂದು ಆ ಹೊತ್ತಿನ ತಾಪಮಾನ, ಡೆನ್ಸಿಟಿ ಆಲ್ಟಿಟ್ಯೂಡ್, ಆ ಶಾಲೆಯ ವಿಮಾನಕ್ಕೆ ಪೂರ್ತಿ ತೂಕದಲ್ಲಿ ಬೇಕಾಗುವ ಟೇಕಾಫ್ ದೂರ, ಏರುವ ವೇಗ ಈ ನಾಲ್ಕನ್ನು ಬರೆಯಲಿ. ವಿದ್ಯಾರ್ಥಿಯೇ ಬರೆಯಬೇಕು ಅನ್ನುವುದು ನನ್ನ ಹಟ. ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ಸರಿಯುತ್ತರಕ್ಕೆ ಗುರುತು ಹಾಕಿ ಪಾಸಾದವರು ವಿಮಾನದ ಬಳಿ ಹೋಗುವಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ತನ್ನ ಕೈಯಾರೆ ಬೆಳಿಗ್ಗೆ 4,400 ಎಂದೂ ಮಧ್ಯಾಹ್ನ 6,200 ಎಂದೂ ಬರೆದವನು ಮರೆಯುವುದಿಲ್ಲ.

ರನ್‌ವೇಯ ಸರಿ ಅರ್ಧಕ್ಕೆ ಎರಡೂ ಬದಿಯಲ್ಲಿ ಎದ್ದು ಕಾಣುವ ಒಂದು ಗುರುತು ಇರಲಿ. ಹಳೆಯ ಪೈಲಟ್‌ಗಳ ಒಂದು ನಿಯಮವಿದೆ: ಅರ್ಧ ರನ್‌ವೇ ಮುಗಿಯುವಷ್ಟರಲ್ಲಿ ನೆಲ ಬಿಡುವ ವೇಗದ ಶೇಕಡಾ 70 ಬಂದಿರದಿದ್ದರೆ ಥ್ರಾಟಲ್ ಎಳೆದು ನಿಲ್ಲಿಸು. 55 ನಾಟ್‌ಗೆ ಏಳುವ ವಿಮಾನಕ್ಕೆ ಅದು 38, 39. ದೂರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ, 0.7ರ ವರ್ಗ 0.49, ಅಲ್ಲಿಗೆ ಅರ್ಧ. ಇಷ್ಟು ಸರಳ, ಇಷ್ಟು ಗಟ್ಟಿ ನಿಯಮವನ್ನು ಪಾಲಿಸಲು ಅರ್ಧ ಎಲ್ಲಿದೆ ಎಂದಾದರೂ ಕಾಣಬೇಕಲ್ಲ. ನನ್ನ ಆ ಮಧ್ಯಾಹ್ನ ಅಂಥದ್ದೊಂದು ಗುರುತು ಇದ್ದಿದ್ದರೆ ಮುಂದೆ 1,500 ಅಡಿ ರನ್‌ವೇ ಇರುವಾಗಲೇ ನಿಲ್ಲಿಸಬಹುದಿತ್ತು.

ಇದಕ್ಕಿಂತ ಕಷ್ಟದ ಕೋರಿಕೆ ಇನ್ನೊಂದಿದೆ. ಕಮರ್ಷಿಯಲ್ ಪೈಲಟ್ ಪರವಾನಗಿಗೆ 200 ಗಂಟೆ ಬೇಕು. ವಿದ್ಯಾರ್ಥಿ ಗಂಟೆಗೆ ದುಡ್ಡು ಕೊಡುತ್ತಾನೆ, ಎಷ್ಟೋ ಕಡೆ ಬೋಧಕನಿಗೆ ಸಿಗುವುದೂ ಹಾರಿದ ಗಂಟೆಗೆ. ಮಧ್ಯಾಹ್ನದ ಹಾರಾಟ ಬೇಡ ಎಂದ ಬೋಧಕ ತನ್ನ ಅನ್ನಕ್ಕೂ ವಿದ್ಯಾರ್ಥಿಯ ಸಾಲದ ಬಡ್ಡಿಗೂ ಒಟ್ಟಿಗೆ ಕಲ್ಲು ಹಾಕಿದಂತೆ. ಈ ಒತ್ತಡ ನಾನು ಅನುಭವಿಸಿದ್ದೇನೆ, ಒಂದೆರಡು ಸಲ ಅದಕ್ಕೆ ಸೋತು ಹಾರಿಸಿಯೂ ಇದ್ದೇನೆ. ಹಲಗೆಯ ಮೇಲಿನ ಅಂಕಿ ಒಂದು ಮಿತಿ ಮೀರಿದಾಗ ಬೋಧಕ ಹಾರಾಟ ನಿಲ್ಲಿಸಿದರೆ ಅವನ ಸಂಬಳ ಕಡಿಯಬಾರದು, ವಿದ್ಯಾರ್ಥಿಯ ಸರದಿ ಹೋಗಬಾರದು ಎಂಬ ನಿಯಮವನ್ನು ನಿಮ್ಮ ಇಲಾಖೆ ತರಬೇಕು. ಮಿತಿ ಎಷ್ಟಿರಬೇಕು ಎಂಬುದು ಆಯಾ ಊರಿನ ರನ್‌ವೇ, ಅದರ ಮುಂದಿನ ಮರ, ಕಂಬ, ಕಟ್ಟಡಗಳ ಮೇಲೆ ನಿರ್ಧಾರವಾಗಲಿ. ಕೈಪಿಡಿ ಕೊಟ್ಟ ದೂರಕ್ಕೆ ಅರ್ಧದಷ್ಟು ಕೂಡಿಸಿದರೂ ರನ್‌ವೇ ಉಳಿಯಬೇಕು ಎಂಬುದು ನಾನು ನನಗೆ ಹಾಕಿಕೊಂಡ ಗೆರೆ.

ನಿಲ್ಲಿಸಿದರೆ ಗಂಟೆ ತುಂಬುವುದು ಯಾವಾಗ ಎಂದು ಕೇಳುತ್ತೀರಿ. ಬೆಳಿಗ್ಗೆ. ಲೇಹ್‌ಗೆ ಹೋಗುವ ದೊಡ್ಡ ಜೆಟ್ ವಿಮಾನಗಳು ಹತ್ತು ಸಾವಿರ ಅಡಿ ಮೀರಿದ ಆ ನಿಲ್ದಾಣಕ್ಕೆ ಬೆಳಗಿನ ಹೊತ್ತನ್ನೇ ಆರಿಸಿಕೊಳ್ಳುತ್ತವೆ, ಗಾಳಿ ತಣ್ಣಗೆ, ಶಾಂತವಾಗಿರುವಾಗ. ಸಾವಿರಾರು ಕಿಲೋ ನೂಕುಬಲದ ಲೆಕ್ಕ ಹಾಕುವವರೇ ಗಡಿಯಾರಕ್ಕೆ ತಲೆಬಾಗುವಾಗ 180 ಕುದುರೆಯ ನಾವು ಬಾಗಬಾರದೇ? ಗಾಳಿ ಬಂದಾಗ ತೂರಿಕೋ ಎಂದು ನಮ್ಮ ಕಣದ ಜನ ಸುಮ್ಮನೆ ಹೇಳಲಿಲ್ಲ. ನಿಲ್ದಾಣದ ಕಾವಲು, ಗೋಪುರ, ಅಗ್ನಿಶಾಮಕ ವಾಹನ ಬೆಳಗಿನ ಆರಕ್ಕೇ ಸಿದ್ಧವಿದ್ದರೆ ಬೇಸಿಗೆಯಲ್ಲಿ ಹತ್ತೂವರೆಯೊಳಗೆ ನಾಲ್ಕು ಗಂಟೆ ಹಾರಬಹುದು. ಇದು ಶಾಲೆಯ ಕೈಯಲ್ಲಿಲ್ಲ, ನಿಮ್ಮ ಮತ್ತು ಪ್ರಾಧಿಕಾರದ ಕೈಯಲ್ಲಿದೆ. ಮಧ್ಯಾಹ್ನ ಹಾರಲೇಬೇಕಾದರೆ ಹಿಂದಿನ ಸೀಟು ಖಾಲಿ ಇರಲಿ, ಟ್ಯಾಂಕು ಅರ್ಧ ಇರಲಿ. 172ರ ಎರಡು ಟ್ಯಾಂಕಿನ ಇಂಧನವೇ ಸುಮಾರು 144 ಕಿಲೋ, ಇಬ್ಬರು ಮನುಷ್ಯರ ತೂಕ. ಒಂದು ಗಂಟೆಯ ಪಾಠಕ್ಕೆ, ಮೀಸಲನ್ನೂ ಸೇರಿಸಿ, ಅಷ್ಟು ಬೇಕಿಲ್ಲ.

ಇಲ್ಲಿ ಒಂದು ಮಾತು. ಈ ಎತ್ತರದಲ್ಲಿ ವಿಮಾನ ಮಾಡುವುದು, ಹಾರಿಸುವುದು ನಮ್ಮ ನಾಡಿಗೆ ಹೊಸದಲ್ಲ. ಎಚ್‌ಎಎಲ್‌ನ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿದ್ದು ಬೆಂಗಳೂರಿನಲ್ಲೇ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್‌ಎಎಲ್‌ನವರ ಹಂಸ 1990ರ ದಶಕದಲ್ಲಿ ಇಲ್ಲೇ ಹುಟ್ಟಿತು, ಅದರ ಹಂಸ-3 ಮಾದರಿಗೆ ಟರ್ಬೋಚಾರ್ಜರ್ ಇರುವ ರೋಟ್ಯಾಕ್ಸ್ ಎಂಜಿನ್ ಹಾಕಿದ್ದರು. ಟರ್ಬೋಚಾರ್ಜರ್ ತೆಳು ಗಾಳಿಯನ್ನು ಒತ್ತಿ ಎಂಜಿನ್‌ಗೆ ಉಣಿಸುತ್ತದೆ. ಈ ಸಮಸ್ಯೆಯನ್ನು ಅರ್ಥ ಮಾಡಿಕೊಂಡ ಎಂಜಿನಿಯರುಗಳು ನಮ್ಮ ಮಧ್ಯೆಯೇ ಇದ್ದಾರೆ. ಶಾಲೆಗಳು ಅವರನ್ನು ವರ್ಷಕ್ಕೊಂದು ದಿನ ಕರೆಸಿ ಪಾಠ ಹೇಳಿಸಿದರೆ ಮಕ್ಕಳಿಗೆ ಎಷ್ಟು ಉಪಕಾರ!

ಕೊನೆಯದಾಗಿ ಆ ಖಾಲಿ ಕಾಲಂ. ನಮ್ಮ ಮರದ ಕಥೆ ಎಲ್ಲೂ ದಾಖಲಾಗಲಿಲ್ಲ, ಯಾಕೆಂದರೆ ಏನೂ ಮುರಿಯಲಿಲ್ಲ. ಬೋಧಕರಿಗೆ ಕೆಲಸ ಹೋಗುವ ಭಯ, ನನಗೆ ಅವರ ಮೇಲಿನ ಋಣ. ಹೀಗೆ ಬಾಯಿ ಮುಚ್ಚಿಕೊಂಡ ಮಧ್ಯಾಹ್ನಗಳು ಎಷ್ಟು ನಿಲ್ದಾಣಗಳಲ್ಲಿ ಎಷ್ಟಿರಬಹುದು? ಹೆಸರು ಹೇಳದೆ, ಶಿಕ್ಷೆಯ ಭಯವಿಲ್ಲದೆ, ವಿದ್ಯಾರ್ಥಿ ತನಗೆ ಬರುವ ಭಾಷೆಯಲ್ಲಿ ನಾಲ್ಕು ಸಾಲು ಬರೆದು ಹಾಕಲು ಪ್ರತಿ ಶಾಲೆಯಲ್ಲೂ ಒಂದು ಪೆಟ್ಟಿಗೆ ಇರಲಿ, ಅದನ್ನು ತೆರೆದು ಓದುವವರು ನಿಮ್ಮ ಇಲಾಖೆಯವರಾಗಲಿ. ಇಂಗ್ಲಿಷ್ ಬರುವುದಿಲ್ಲ ಎಂದು ಯಾರೂ ಸುಮ್ಮನಾಗಬಾರದು.

ನಾನು ಈಗ ಪಾಠ ಹೇಳುವಲ್ಲಿ ಹಲಗೆಯನ್ನು ನಾನೇ ತಂದು ತೂಗುಹಾಕಿದ್ದೇನೆ. ಇಂದು ಬೆಳಿಗ್ಗೆ ಆರೂವರೆಗೆ ಒಬ್ಬ ಹುಡುಗಿ 4,440 ಎಂದು ಬರೆದಳು. ಮಧ್ಯಾಹ್ನ ಮೂರಕ್ಕೆ ಅವಳೇ ಬಂದು ಅದನ್ನು ಒರೆಸಿ 6,240 ಎಂದು ಬರೆದು, ಸ್ವಲ್ಪ ಹೊತ್ತು ನೋಡುತ್ತ ನಿಂತು, "ಸರ್, ನನ್ನ ಹಾರಾಟ ನಾಳೆ ಬೆಳಿಗ್ಗೆಗೆ ಹಾಕ್ತೀರಾ?" ಎಂದು ಕೇಳಿದಳು. ಹಾಕಿದ್ದೇನೆ, ಆರೂ ಮುಕ್ಕಾಲಿಗೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಾರಾಟ ಬೋಧಕ